ತಾಗುವ ಜಾಗ ಮೊದಲು, ಅರ ಆಮೇಲೆ

ಪ್ರಶ್ನೆ: 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಮಿಗ್-21 ವಿಮಾನಗಳನ್ನು ಬೀಳ್ಕೊಟ್ಟಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆ, ಅದೇ ವಿಮಾನದ 1/48 ಅಳತೆಯ ಪ್ಲಾಸ್ಟಿಕ್ ಮಾದರಿ ಕಟ್ಟಲು ಕುಳಿತೆ. ಕಿಟ್‌ನ ಕಾಕ್‌ಪಿಟ್ ತೀರಾ ಸಪ್ಪೆಯಾಗಿ ಕಂಡಿತು. ಬೇರೆ ತಯಾರಕರ ರೆಸಿನ್ (ಎರಕ ಹೊಯ್ದ ಗಟ್ಟಿ ರಾಳ) ಕಾಕ್‌ಪಿಟ್ ತರಿಸಿದೆ. ಅದನ್ನು ಒಳಗಿಟ್ಟರೆ ಒಡಲಿನ ಎರಡು ಹೋಳುಗಳು ಕೂಡುವುದೇ ಇಲ್ಲ. ಬೆನ್ನ ಮೇಲೆ ಎರಡು ಮಿಲಿಮೀಟರ್ ಸಂದು. ಬಾಲದ ರೆಸಿನ್ ನಳಿಕೆಯದು ಇದಕ್ಕೆ ತದ್ವಿರುದ್ಧ, ಗುಳುಗುಳು ಸಡಿಲ. ಕಿಟ್‌ಗಿಂತ ಈ ಭಾಗಗಳಿಗೇ ಹೆಚ್ಚು ಹಣ ಕೊಟ್ಟಿದ್ದೇನೆ. ದೋಷ ಭಾಗದ್ದೋ ಕಿಟ್‌ನದೋ? ಯಾವುದನ್ನು ಉಜ್ಜಲಿ?
– ಓದುಗರು, ಮೈಸೂರು

ಉತ್ತರ: ಸದ್ಯಕ್ಕೆ ಯಾವುದನ್ನೂ ಉಜ್ಜಬೇಡಿ.

ನಾನು ಬೆಂಗಳೂರಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಕೆಲಸ ಮಾಡಿದವನು. ಅಪ್ರೆಂಟಿಸ್ ಆಗಿ ಸೇರಿದಾಗ ನಮ್ಮ ಮೇಸ್ತ್ರಿ ಮೊದಲ ಕೆಲವು ವಾರ ಅರ ಮುಟ್ಟಲು ಬಿಡಲಿಲ್ಲ. ಸರ್ಫೇಸ್ ಪ್ಲೇಟ್ ಎಂಬ ನಿಖರವಾಗಿ ಸಮತಟ್ಟಾದ ಹಲಗೆಯ ಮೇಲೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಳುವಾಗಿ ಸವರಿ, ಅದರ ಮೇಲೆ ನಮ್ಮ ಕಬ್ಬಿಣದ ತುಂಡನ್ನು ಒಮ್ಮೆ ಎಳೆದು, ಮಗುಚಿ ತೋರಿಸುತ್ತಿದ್ದರು. ನೀಲಿ ಹತ್ತಿದ ಕಡೆ ಉಬ್ಬು, ಹತ್ತದ ಕಡೆ ತಗ್ಗು. ಅರ ಓಡಬೇಕಾದದ್ದು ಆ ನೀಲಿಯ ಮೇಲೆ ಮಾತ್ರ. ನಿಮ್ಮ ಕಾಕ್‌ಪಿಟ್‌ಗೂ ಇದೇ ಪಾಠ. ಎಲ್ಲಿ ತಾಗುತ್ತಿದೆ ಎಂದು ತಿಳಿಯದೆ ಉಜ್ಜಿದವರು ಸಾಮಾನ್ಯವಾಗಿ ತಾಗದ ಕಡೆಯನ್ನೇ ಉಜ್ಜಿರುತ್ತಾರೆ.

ದೋಷದ ಮಾತಿಗೆ ಬರೋಣ. ರೆಸಿನ್ ಭಾಗಗಳನ್ನು ಸಿಲಿಕೋನ್ ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ದ್ರವ ಗಟ್ಟಿಯಾಗುವಾಗ ಒಂದಿಷ್ಟು ಕುಗ್ಗುತ್ತದೆ. ಅಚ್ಚು ಬಳಸಿದಷ್ಟೂ ಸವೆಯುತ್ತದೆ. ಹಾಗಾಗಿ ಒಂದೇ ಪೊಟ್ಟಣದಲ್ಲಿ ಒಂದು ಭಾಗ ಬಿಗಿ, ಇನ್ನೊಂದು ಸಡಿಲ ಬರುವುದು ಅಪರೂಪವಲ್ಲ. ಆದರೂ ಪೊಟ್ಟಣದ ಮೇಲೆ ಯಾವ ತಯಾರಕರ ಕಿಟ್‌ಗೆ ಎಂದು ಬರೆದಿದೆ, ಒಮ್ಮೆ ಓದಿ ನೋಡಿ. ಒಂದು ಕಿಟ್‌ಗೆಂದು ಮಾಡಿದ ಕಾಕ್‌ಪಿಟ್ ಇನ್ನೊಂದು ಕಿಟ್‌ನಲ್ಲಿ ತಾನಾಗಿ ಕೂರುವುದಿಲ್ಲ. ಕೂರಿಸಬಹುದು, ಕೆಲಸ ಇಮ್ಮಡಿ.

ಈಗ ಪರೀಕ್ಷೆ. ಎರಕದ ಜಿಡ್ಡು ಹೋಗುವಂತೆ ಭಾಗಗಳನ್ನು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ. ಕಾಕ್‌ಪಿಟ್‌ನ ಹೊರ ಅಂಚುಗಳಿಗೆ ಹಳೆಯ ಲಿಪ್‌ಸ್ಟಿಕ್ಕನ್ನು ಬೆರಳಿನಿಂದ ತೀರಾ ತೆಳುವಾಗಿ ಸವರಿ. ಒಳಗಿಟ್ಟು ಒಡಲಿನ ಎರಡೂ ಹೋಳುಗಳನ್ನು ಅಂಟಿಲ್ಲದೆ ಕೂಡಿಸಿ, ಮೆತ್ತಗೆ ಒತ್ತಿ, ಬಿಚ್ಚಿ. ಪ್ಲಾಸ್ಟಿಕ್ಕಿನ ಒಳಗೋಡೆಯಲ್ಲಿ ಕೆಂಪು ಎಲ್ಲೆಲ್ಲಿ ಮೂಡಿದೆಯೋ ಅವೇ ನಿಮ್ಮ ಶತ್ರುಗಳು. ನನ್ನ ಅನುಭವದಲ್ಲಿ ಅದು ಇಡೀ ಗೋಡೆಯಲ್ಲ. ಕಡಲೆಕಾಳಿನಷ್ಟು ಅಗಲದ ಎರಡು ಮೂರು ಚುಕ್ಕೆಗಳು. ಕೆಲಸ ಮುಗಿದ ಮೇಲೆ ಲಿಪ್‌ಸ್ಟಿಕ್ಕನ್ನು ಸೋಪಿನಿಂದ ಪೂರ್ತಿ ತೊಳೆಯಿರಿ, ಜಿಡ್ಡಿನ ಮೇಲೆ ಅಂಟೂ ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ.

ಗೋಡೆ ನೋಡುವ ಮುನ್ನ ತಳ ನೋಡಿ. ಎರಕ ಹೊಯ್ದ ದಿಮ್ಮಿ ಕಾಕ್‌ಪಿಟ್‌ನ ತಳಕ್ಕೆ ಅಂಟಿಕೊಂಡು ಬಂದಿರುತ್ತದೆ. ಅದನ್ನು ಕೊಯ್ದವರು ಒಂದು ಮಿಲಿಮೀಟರ್ ಉಳಿಸಿಬಿಟ್ಟಿರುತ್ತಾರೆ. ಮಿಗ್-21ರಲ್ಲಿ ಕಾಕ್‌ಪಿಟ್‌ನ ಕೆಳಗೇ ಮುಂದಿನ ಚಕ್ರದ ಗೂಡು. ಎರಡರ ನಡುವೆ ಜಾಗ ಬಹಳ ಇಕ್ಕಟ್ಟು. ಮಾದರಿಯ ಒಂದು ಮಿಲಿಮೀಟರ್ ಎಂದರೆ ನಿಜವಾದ ವಿಮಾನದ 48 ಮಿಲಿಮೀಟರ್, ಸುಮಾರು ಮೂರು ಬೆರಳಿನಗಲ. ಅಷ್ಟು ಮೇಲೆದ್ದ ಕಾಕ್‌ಪಿಟ್ ಒಡಲನ್ನು ತೆರೆದಿಡುತ್ತದೆ, ಆಸನದ ತಲೆ ಕ್ಯಾನೊಪಿಗೆ, ಅಂದರೆ ಕಾಕ್‌ಪಿಟ್‌ನ ಮೇಲಿನ ಗಾಜಿನ ಮುಚ್ಚಳಕ್ಕೆ, ಬಡಿಯುತ್ತದೆ. ನಿಮ್ಮ ಎರಡು ಮಿಲಿಮೀಟರ್ ಸಂದಿಯಲ್ಲಿ ಹೆಚ್ಚಿನ ಪಾಲು ಇಲ್ಲಿಂದಲೇ ಬಂದಿರಬಹುದೆಂದು ನನ್ನ ಗುಮಾನಿ. ದಿಮ್ಮಿ ಕೊಯ್ಯಲು ಅಕ್ಕಸಾಲಿಗರ ಗರಗಸ ತರಿಸಿಕೊಳ್ಳಿ. ಕೂದಲಿನಂಥ ಅಲಗು, ಅಂಚು ಸಿಡಿಯುವುದಿಲ್ಲ. ಆಮೇಲೆ ಮೇಜಿಗೆ ಅಂಟಿಸಿದ ಉಪ್ಪುಕಾಗದದ ಮೇಲೆ ನೀರು ಹಾಕಿ ತಳವನ್ನು ಎಂಟರ ಆಕಾರದಲ್ಲಿ ತೇಯಿರಿ. ಒಣ ರೆಸಿನ್ ಧೂಳು ಶ್ವಾಸಕೋಶಕ್ಕೆ ಕೆಡುಕು. ನೀರೂ ಇರಲಿ, ಮಾಸ್ಕೂ ಇರಲಿ. ಮಕ್ಕಳು ಮಲಗುವ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ.

ತಳ ಸರಿಯಾದ ಮೇಲೂ ಒಡಲು ಕೂಡದಿದ್ದರೆ ಗೋಡೆಯ ಸರದಿ. ಹೊರಗಿನವರ ಕಣ್ಣಿಗೆ ಬೀಳದ ಬದಿಯಿಂದಲೇ ತೆಗೆಯಬೇಕು. ರೆಸಿನ್ ಪಕ್ಕಗೋಡೆಯ ಸ್ವಿಚ್ಚು, ಸನ್ನೆಗೋಲುಗಳಿಗಾಗಿಯೇ ನೀವು ಹಣ ಕೊಟ್ಟಿದ್ದು. ಆ ಬದಿಯನ್ನು ಮುಟ್ಟಬೇಡಿ. ಅದರ ಬೆನ್ನನ್ನೂ ಒಡಲಿನ ಒಳಮೈಯನ್ನೂ ಪಾಲು ಹಂಚಿಕೊಂಡು ತೆಳುಮಾಡಿ. ಪ್ರತಿ ಹತ್ತು ಉಜ್ಜಿಗೆ ಒಮ್ಮೆ ಟ್ಯೂಬ್‌ಲೈಟ್ ಎದುರು ಹಿಡಿದು ನೋಡಿ. ಬೂದುಬಣ್ಣದ ಪ್ಲಾಸ್ಟಿಕ್ ಮೊದಲು ಮಬ್ಬಾಗಿರುತ್ತದೆ; ತೆಳುವಾದಂತೆ ಮುಂಜಾವಿನ ಮಂಜಿನಂತೆ ಬೆಳಕು ಬಿಡುತ್ತದೆ. ಹೊರಗೆ ಕೆತ್ತಿದ ಫಲಕದ ಗೆರೆಗಳು ಒಳಗಿನಿಂದ ಕಾಣತೊಡಗಿದರೆ ಅಲ್ಲಿಗೆ ನಿಲ್ಲಿಸಿ. ನಾನೊಮ್ಮೆ ನಿಲ್ಲಿಸಲಿಲ್ಲ. ಸಂದಿಗೆ ಬಿಟ್ಟ ತೆಳು ಅಂಟು ಗೋಡೆಯನ್ನೇ ಕರಗಿಸಿ, ಮರುದಿನ ಬೆಳಗ್ಗೆ ಎಡಮಗ್ಗುಲಲ್ಲಿ ಹೆಬ್ಬೆರಳು ಒತ್ತಿದಂಥ ಕುಳಿ ಬಿದ್ದಿತ್ತು. ಅದನ್ನು ತುಂಬಿ ಗೆರೆಗಳನ್ನು ಮತ್ತೆ ಕೆತ್ತಲು ಒಂದು ವಾರ ಹಿಡಿಯಿತು.

ಪ್ಲಾಸ್ಟಿಕ್ ಕಿಟ್‌ನ ಅಂಟು ರೆಸಿನ್ನನ್ನು ಹಿಡಿಯುವುದಿಲ್ಲ ಎಂಬುದು ನೆನಪಿರಲಿ. ಫೆವಿಕ್ವಿಕ್‌ನಂಥದ್ದು ಬೇಕು, ಇಲ್ಲವೇ ಅರಾಲ್ಡೈಟ್. ಕಾಕ್‌ಪಿಟ್‌ಗೆ ನಾನು ಅರಾಲ್ಡೈಟ್ ಮೆಚ್ಚುತ್ತೇನೆ: ನಿಧಾನ ಹಿಡಿಯುವುದರಿಂದ ಮುಂದಿನ ಗಾಜು, ಮೀಟರ್ ಫಲಕದ ಹುಬ್ಬು ಎಲ್ಲವನ್ನೂ ಇಟ್ಟು ನೋಡಿ ಸರಿಸಲು ಸಮಯ ಸಿಗುತ್ತದೆ. ಒಡಲು ಮುಚ್ಚುವ ಮುನ್ನ ಮೂಗಿನ ಶಂಕುವಿನೊಳಗೆ ಮೀನು ಗಾಳದ ಸೀಸ ತುಂಬುವುದನ್ನು ಮರೆಯಬೇಡಿ. ಮುಂದೆ ಭಾರವಿಲ್ಲದಿದ್ದರೆ ಮಿಗ್ ಮಾದರಿ ಬಾಲದ ಮೇಲೆ ಕೂರುವ ಜಾತಿ.

ನಳಿಕೆಯ ಸಡಿಲಕ್ಕೆ ಪುಟ್ಟಿ ಮೆತ್ತಬೇಡಿ. ನಿಜವಾದ ವಿಮಾನದಲ್ಲೂ ನಳಿಕೆಗೂ ಬಾಲದ ಉಂಗುರಕ್ಕೂ ನಡುವೆ ಸಂದು ಇರುತ್ತದೆ. ಅದು ಸುತ್ತಲೂ ಸಮನಾಗಿದ್ದರೆ ಸಾಕು. ಕಾಲು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯಿಂದ ಮೂರು ಚಿಕ್ಕ ಚೂರು ಕತ್ತರಿಸಿ, ನಳಿಕೆಯ ಸುತ್ತ ಸಮ ಅಂತರದಲ್ಲಿ, ಅಂಚಿನಿಂದ ಒಳಗೆ ಕಾಣದಂತೆ ಅಂಟಿಸಿ. ಇನ್ನೂ ಸಡಿಲವೆನಿಸಿದರೆ ಪ್ರತಿ ಚೂರಿನ ಮೇಲೂ ಇನ್ನೊಂದು. ಮೂರು ಕಾಲಿನ ಮಣೆಯಂತೆ ತಾನೇ ನಡುವಿಗೆ ಬಂದು ನಿಲ್ಲುತ್ತದೆ.

ಪ್ರಶ್ನೆ: ಬೇರೆಯಾಗಿ ಕೊಂಡ ತೆಳು ಕ್ಯಾನೊಪಿಯನ್ನು ಫೆವಿಕ್ವಿಕ್‌ನಿಂದ ಅಂಟಿಸಿದೆ. ಒಂದು ಕಡೆ ಸಂದು ಉಳಿಯಿತು, ಜೊತೆಗೆ ಗಾಜೆಲ್ಲ ಬೆಳ್ಳಗಾಯಿತು.
– ಓದುಗರು, ಬೆಳಗಾವಿ

ಉತ್ತರ: ಆ ಅಂಟಿನ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಕೂತಿದೆ. ಹೊರಗಿನದನ್ನು ತೀರಾ ನಯವಾದ ಪಾಲಿಶ್‌ನಿಂದ ಉಜ್ಜಿದರೆ ಹೋಗಬಹುದು, ಒಳಗಿನದಕ್ಕೆ ಕೈ ಹೋಗದು. ಮುಂದಿನ ಸಲ ಬಿಳಿ ಫೆವಿಕಾಲ್ ಬಳಸಿ. ಒಣಗಿದ ಮೇಲೆ ಬಣ್ಣ ಕಾಣುವುದಿಲ್ಲ, ಕೂದಲೆಳೆಯ ಸಂದನ್ನೂ ತಾನೇ ತುಂಬುತ್ತದೆ, ತಪ್ಪಿದರೆ ಒಣಗುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಬಹುದು. ತೆಳು ಕ್ಯಾನೊಪಿಯನ್ನು ಅದರ ಹಾಳೆಯಿಂದ ಕತ್ತರಿಸುವಾಗ ಅಂಚಿನ ಗೆರೆಯ ಹೊರಗೆ ಅರ್ಧ ಮಿಲಿಮೀಟರ್ ಬಿಟ್ಟು, ಹೊಸ ಬ್ಲೇಡಿನಿಂದ ಹತ್ತು ಸಲ ಹಗುರವಾಗಿ ಗೀರಿ. ಉಳಿದದ್ದನ್ನು ಉಪ್ಪುಕಾಗದದಿಂದ ಇಳಿಸುತ್ತಾ, ಇಳಿಸಿದಾಗಲೆಲ್ಲ ವಿಮಾನದ ಮೇಲಿಟ್ಟು ನೋಡಿ.