ನೆರಳು ತೆಗೆದರೆ ಇಳುವರಿ ಜಾಸ್ತಿ ಆಗುತ್ತಾ? ಆಗುತ್ತೆ, ಒಂದು ವರ್ಷ

ನಾಲ್ಕು ಎಕರೆ ಅರೇಬಿಕಾ ಕಾಫಿ ಇದೆ, ನೆರಳು ಜಾಸ್ತಿ ಆಗಿದೆ, ಬ್ರೆಜಿಲ್‌ನಲ್ಲಿ ಬಿಸಿಲಲ್ಲೇ ಬೆಳೆದು ಒಳ್ಳೆ ಇಳುವರಿ ತೆಗೆಯುತ್ತಾರಂತೆ, ಕಾಡುಮರ ತೆಗೆಸಿ ಸಿಲ್ವರ್ ಓಕ್ ಹಾಕಲೇ, ಸಂಶೋಧನೆ ಏನು ಹೇಳುತ್ತೆ ಅಂತ ಕೇಳಿದ್ದೀರಿ. 2009ರಲ್ಲಿ ನನ್ನ ತಲೆಯಲ್ಲಿ ಇದ್ದದ್ದೂ ಇದೇ ಪ್ರಶ್ನೆ. ನಾನು ಯಾರನ್ನೂ ಕೇಳಲಿಲ್ಲ. ಓದಿದೆ, ಕಡಿಸಿದೆ.

ನಮ್ಮದು ಮೂಡಿಗೆರೆ ಕಡೆ ತೋಟ. ಅಪ್ಪ ಹಾಕಿದ ಎಸ್.795 ಅನ್ನುವ ಅರೇಬಿಕಾ ತಳಿಯ ಗಿಡಗಳು. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿನ ಕೆಲಸ ಬಿಟ್ಟು ಬಂದೆ. ತೋಟ ಗೊತ್ತಿರಲಿಲ್ಲ, ಓದುವ ಅಭ್ಯಾಸ ಮಾತ್ರ ಇತ್ತು. ರಾತ್ರಿಯೆಲ್ಲ ಕೂತು ಹೊರದೇಶದ ಪ್ರಬಂಧಗಳನ್ನು ಓದುತ್ತಿದ್ದೆ. ನೆರಳು ಕಡಿಮೆ ಮಾಡಿದರೆ ಹೂಮೊಗ್ಗು ಜಾಸ್ತಿ, ಹೂ ಜಾಸ್ತಿ ಆದರೆ ಕಾಯಿ ಜಾಸ್ತಿ. ಇದು ಸುಳ್ಳಲ್ಲ. ಸುಳ್ಳಾಗಿದ್ದರೆ ನಾನು ಆವತ್ತೇ ಬಚಾವಾಗುತ್ತಿದ್ದೆ.

ಫೆಬ್ರವರಿಯಲ್ಲಿ ಕೊಯ್ಲು ಮುಗಿದ ಕೂಡಲೇ ನೈರುತ್ಯಕ್ಕೆ ಇಳಿಜಾರು ಇರುವ ಮೂರು ಎಕರೆ ಆರಿಸಿಕೊಂಡೆ. ಅನುಮತಿ ಪಡೆದು ನೇರಳೆ, ಹಲಸು, ಬಸರಿ ಎಲ್ಲಾ ಒಂದೇ ತಿಂಗಳಲ್ಲಿ ತೆಗೆಸಿದೆ. ಸಾಲಿನ ಮಧ್ಯೆ ಸಿಲ್ವರ್ ಓಕ್ ಸಸಿ ನೆಟ್ಟೆ. ಒಂದು ಗೋಣಿಮರ ಮಾತ್ರ ಉಳಿಯಿತು. ಅದರ ಬುಡದಲ್ಲಿ ಚೌಡಿ ಕಲ್ಲು ಇದೆ, ಅಮ್ಮ ಮುಟ್ಟಲು ಬಿಡಲಿಲ್ಲ.

ಮರುವರ್ಷ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಸರಿಯಾಗಿ ಬಂತು. ಮಳೆಯಾಗಿ ಒಂಬತ್ತನೇ ದಿನಕ್ಕೆ ಇಡೀ ಇಳಿಜಾರು ಬೆಳ್ಳಗೆ. ಅಷ್ಟು ಹೂವನ್ನು ಆ ಜಾಗದಲ್ಲಿ ನೋಡಿಯೇ ಇಲ್ಲ ಅಂತ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ನಮ್ಮ ರೈಟರ್ ಕೂಡ ಹೇಳಿದರು. 2010ರ ಡಿಸೆಂಬರ್‌ನಲ್ಲಿ ಕಣ ತುಂಬಿತು. ನಾನು ಓದಿದ್ದು ಸರಿ ಅಂತ ನನಗೆ ಪಕ್ಕಾ ಆಗಿಹೋಯಿತು.

ಈಗ ತಪ್ಪು ಎಲ್ಲಿ ಆಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉದ್ದ ಆಗುತ್ತೆ, ಆದರೂ ಇದನ್ನು ಪೂರ್ತಿ ಓದಿ.

ನಮ್ಮಲ್ಲಿ ಬಿಳಿ ಕಾಂಡಕೊರಕ ಇದೆ, ತೋಟದ ಭಾಷೆಯಲ್ಲಿ ಬೋರರ್. ಸೈಲೋಟ್ರೆಕಸ್ ಕ್ವಾಡ್ರಿಪಿಸ್ ಅನ್ನುವ ದುಂಬಿ. ಇದು ಏಷ್ಯಾದ ಕೀಟ, ಬ್ರೆಜಿಲ್‌ನಲ್ಲಿ ಇಲ್ಲ. ನಾನು ಓದಿದ ಬ್ರೆಜಿಲ್ ಲೆಕ್ಕದಲ್ಲಿ ಈ ಹುಳದ ಹೆಸರೇ ಇರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತೆ: ಏಪ್ರಿಲ್-ಮೇ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. ಅದಕ್ಕೆ ಬೆಳಕು ಬೇಕು, ಬಿಸಿ ಬೇಕು. ಹೆಣ್ಣು ದುಂಬಿ ಬಿಸಿಲು ಬೀಳುವ ಕಾಂಡ ಹುಡುಕಿ, ಸಿಪ್ಪೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತೆ. ನಾನು ಮರ ತೆಗೆಸಿದ್ದು ಫೆಬ್ರವರಿಯಲ್ಲಿ. ಏಪ್ರಿಲ್‌ನಲ್ಲಿ ದುಂಬಿ ಹೊರಗೆ ಬರುವಾಗ ಎಕರೆಗೆ 1200ರಂತೆ ಮೂರು ಎಕರೆ ಗಿಡಗಳ ಕಾಂಡ ಬಿಸಿಲಿಗೆ ತೆರೆದುಕೊಂಡು ನಿಂತಿತ್ತು. ಮಧ್ಯಾಹ್ನ ಮೇಲೆ ಬಿಸಿಲು ಬಡಿಯುವ ಇಳಿಜಾರು ಬೇರೆ.

ಮೊಟ್ಟೆ ಒಡೆದ ಹುಳ ಸುಮಾರು ಎರಡು ತಿಂಗಳು ಸಿಪ್ಪೆಯ ಅಡಿಯಲ್ಲೇ ತಿನ್ನುತ್ತೆ. ಆಮೇಲೆ ಒಳಗಿನ ಗಟ್ಟಿ ಕಟ್ಟಿಗೆಗೆ ಇಳಿಯುತ್ತೆ. ಹುಳುವಾಗಿಯೇ ಒಂಬತ್ತು ಹತ್ತು ತಿಂಗಳು ಕಳೆಯುತ್ತೆ. ಅಂದರೆ 2009ರಲ್ಲಿ ಮೊಟ್ಟೆ ಇಟ್ಟದ್ದು 2010ರಲ್ಲಿ ಹೊರಗೆ ಗೊತ್ತಾಗಬೇಕು. ಗೊತ್ತಾಗಿತ್ತು ಕೂಡ. ಅಲ್ಲೊಂದು ಇಲ್ಲೊಂದು ಗಿಡದ ಎಲೆ ಹಳದಿ ತಿರುಗಿ ಜೋತು ಬಿದ್ದಿತ್ತು. ಫಸಲು ಜಾಸ್ತಿ ಹಿಡಿದಿದೆ, ಗಿಡಕ್ಕೆ ಸುಸ್ತಾಗಿದೆ ಅಂತ ನಾನು ಯೂರಿಯಾ ಹಾಕಿಸಿದೆ! ಆ ವರ್ಷ ಮಾರ್ಚ್‌ನಲ್ಲೂ ಸೆಪ್ಟೆಂಬರ್‌ನಲ್ಲೂ ಟ್ರೇಸಿಂಗ್, ಅಂದರೆ ಹುಳ ಹೊಕ್ಕ ಗಿಡ ಹುಡುಕಿ ತೆಗೆಯುವ ಕೆಲಸ, ಮಾಡಿಸಲೇ ಇಲ್ಲ. ಒಳ್ಳೆ ಫಸಲು ಕಣ್ಣೆದುರು ಇದ್ದಾಗ ರೋಗ ಹುಡುಕುವ ಮನಸ್ಸು ಬರಲಿಲ್ಲ.

2011ರ ಕೊನೆಗೆ ಒಂದು ಗಿಡವನ್ನು ಸುಮ್ನೆ ಹಿಡಿದು ಅಲ್ಲಾಡಿಸಿದೆ. ಮೊಣಕಾಲಿನ ಎತ್ತರದಲ್ಲಿ ಲಟಕ್ಕನೆ ಮುರಿಯಿತು. ಕಾಂಡದ ಮೇಲೆ ಬೆರಳು ಆಡಿಸಿದರೆ ಸುತ್ತಲೂ ಉಬ್ಬಿದ ಗೆರೆ. ಕತ್ತಿಯಿಂದ ಸೀಳಿದೆ. ಒಳಗೆ ಸುರಂಗ, ಸುರಂಗದ ತುಂಬ ಬಿಗಿಯಾಗಿ ತುರುಕಿದ ಕಟ್ಟಿಗೆ ಹುಡಿ, ಅದರ ತುದಿಯಲ್ಲಿ ತಲೆ ಕಡೆ ಅಗಲವಾಗಿರುವ ಬಿಳಿ ಹುಳ. ಪಕ್ಕದ ಗಿಡ ಸೀಳಿದೆ, ಅಲ್ಲೂ ಅದೇ. ಆವತ್ತು ಸಂಜೆ ತನಕ ಸಾಲು ಸಾಲಾಗಿ ನಡೆದೆ. ಮುಂದಿನ ಎರಡು ವರ್ಷದಲ್ಲಿ ಆ ಮೂರು ಎಕರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಗಿಡ ಕೀಳಿಸಿದೆ. ಅಪ್ಪ ಕೈಯಾರೆ ನೆಟ್ಟ ಗಿಡಗಳು. ಅದನ್ನು ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಚೌಡಿ ಮರದ ಕೆಳಗಿನ ನಾಲ್ಕು ಸಾಲು ಮಾತ್ರ ಬಹುಮಟ್ಟಿಗೆ ಉಳಿಯಿತು. ಮಣ್ಣು ಒಂದೇ, ತಳಿ ಒಂದೇ, ಗೊಬ್ಬರ ಒಂದೇ.

ನನ್ನ ತಪ್ಪು ಓದಿದ್ದಲ್ಲ. ಎಲ್ಲಿಯದು ಅಂತ ನೋಡದೆ ಓದಿದ್ದು. ಇಲ್ಲೇ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ನಮ್ಮ ಎಸ್.795 ಕೂಡ 1940ರ ದಶಕದಲ್ಲಿ ಅಲ್ಲಿಂದಲೇ ಹೊರಬಂದ ತಳಿ. ಅರೇಬಿಕಾಗೆ ನೆರಳು ತೆಳುವಾದರೆ ಬೋರರ್ ಹೆಚ್ಚುತ್ತೆ ಅನ್ನುವುದು ಅಲ್ಲಿಯ ಹಳೇ ಪಾಠ, ಪ್ರತಿ ಕೈಪಿಡಿಯಲ್ಲೂ ಇದೆ. ಸಮುದ್ರದಾಚೆಯ ಪ್ರಬಂಧ ಹುಡುಕಿ ಓದಿದ ನಾನು ಇದನ್ನು ಓದಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ‘ನೆರಳೋ ಬಿಸಿಲೋ’ ಅನ್ನುವುದು ಮಲೆನಾಡಿನ ಅರೇಬಿಕಾ ತೋಟದ ಪ್ರಶ್ನೆಯೇ ಅಲ್ಲ. ನಾಲ್ಕು ತಿಂಗಳು ಮಳೆ ಹೊಡೆದು, ಆಮೇಲೆ ಹೂಮಳೆಗೆ ಮುಂಚೆ ತಿಂಗಳುಗಟ್ಟಲೆ ಒಣಗುವ ಜಾಗ ಇದು, ಅದರಲ್ಲೂ ಇಳಿಜಾರು. ಮರ ಹೋದ ಮೊದಲ ಮಳೆಗಾಲದಲ್ಲೇ ನೀರು ಇಂಗಲಿ ಅಂತ ಸಾಲಿನ ಮಧ್ಯೆ ತೆಗೆದಿದ್ದ ನಮ್ಮ ತೊಟ್ಟಿಲುಗುಂಡಿಗಳೆಲ್ಲ ಮೇಲ್ಮಣ್ಣಿನಿಂದ ತುಂಬಿಹೋದವು. ಎರಡು ಬೇಸಿಗೆಯಲ್ಲಿ ನೆಲದ ಮೇಲಿನ ದರಗಿನ (ಒಣಗಿದ ಎಲೆಯ) ಹಾಸಿಗೆ ಕಾಣೆಯಾಯಿತು.

ನೆರಳು ಜಾಸ್ತಿ ಆಗಿದೆ ಅನ್ನುವ ನಿಮ್ಮ ದೂರು ನಿಜ ಇರಬಹುದು. ದಟ್ಟ ನೆರಳಿನಲ್ಲಿ ಮಳೆಗಾಲ ಪೂರ್ತಿ ಎಲೆ ಒದ್ದೆಯಾಗೇ ಇದ್ದರೆ ಕೊಳೆರೋಗ ಬರುತ್ತೆ. ಅದಕ್ಕೆ ಔಷಧಿ ಮರಗಸಿ, ಅಂದರೆ ಕೊಂಬೆ ಸವರುವುದು, ಮರ ಕಡಿಯುವುದಲ್ಲ. ಕೆಳಹಂತದ ನೆರಳಿಗೆ ಹಾಕುವ ಹಾಲುವಾಣ ಮರದ ಕೊಂಬೆ ಮಳೆಗೆ ಮುಂಚೆ ತೆಗೆಸಿ, ಬೇಸಿಗೆ ಹೊತ್ತಿಗೆ ಮತ್ತೆ ಚಿಗುರಿ ನೆರಳು ಕೊಡುತ್ತೆ. ಮೇಲಿನ ದೊಡ್ಡ ಮರಗಳಲ್ಲಿ ಒತ್ತಾದ ಕೊಂಬೆ ಮಾತ್ರ, ಅದೂ ಒಂದೇ ವರ್ಷ ಎಲ್ಲಾ ಕಡೆ ಬೇಡ. ನೈರುತ್ಯದ ಇಳಿಜಾರು ಇದ್ದರೆ ಅಲ್ಲಿ ಕೈಯೇ ಹಾಕಬೇಡಿ.

ಸಿಲ್ವರ್ ಓಕ್ ಬಗ್ಗೆ ನನಗೆ ದ್ವೇಷ ಇಲ್ಲ. ಬೇಗ ಬೆಳೆಯುತ್ತೆ, ಕಾಳುಮೆಣಸು ಹಬ್ಬುತ್ತೆ, ಕಡಿಯಲು ಅನುಮತಿಯ ತಾಪತ್ರಯ ಇಲ್ಲ. ಎಲ್ಲರೂ ಅದನ್ನೇ ಹಾಕುವುದು ಇದಕ್ಕೇ ಅಲ್ವಾ? ಖಾಲಿ ಜಾಗಕ್ಕೆ ಹಾಕಿ. ಆದರೆ ಬಸರಿ, ಗೋಣಿಯ ಬದಲಿಗೆ ಅದು ಆಗುವುದಿಲ್ಲ. ಸಸಿ ನೆರಳು ಕೊಡುವಷ್ಟು ಆಗುವ ತನಕ ಗಿಡ ಬಿಸಿಲಲ್ಲಿ ನಿಂತಿರುತ್ತೆ, ದುಂಬಿ ಅಲ್ಲಿ ತನಕ ಕಾಯುವುದಿಲ್ಲ. ಮರ ಅಂದರೆ ಬರೀ ನೆರಳೂ ಅಲ್ಲ. ಕರ್ನಾಟಕದ ಕಾಫಿ ತೋಟಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಡನ್ನೇ ನಂಬಿದ 79 ಜಾತಿಯ ಹಕ್ಕಿಗಳು ಸಿಕ್ಕಿದ್ದವು. ಹಣ್ಣು ತಿನ್ನುವ ಹಕ್ಕಿಗಳು ಬರುವುದು ಬಸರಿ, ಗೋಣಿಯಂಥ ಮರಗಳಿಗೆ. ಮುಂದೆ ರೊಬಸ್ಟಾಗೆ ಬದಲಾಯಿಸುವ ಯೋಚನೆ ಇದ್ದರೂ ದೊಡ್ಡ ಮರ ಬೇಕು. ರೊಬಸ್ಟಾಗೆ ಬೋರರ್ ಕಾಟ ಇಲ್ಲ ಅನ್ನಬಹುದು, ಆದರೆ ಅದರ ಹೂವಿಗೆ ಬೇರೆ ಗಿಡದ ಪರಾಗ ಬೇಕು. ಆ ಕೆಲಸ ಮಾಡುವ ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಮರದಲ್ಲಿ.

ಈಗಲೇ ಮಾಡಬೇಕಾದ ಕೆಲಸ ಬೇರೆ ಇದೆ. ದುಂಬಿ ಹಾರುವ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಒಂದೊಂದೇ ಗಿಡದ ಕಾಂಡ ಮುಟ್ಟಿ ನೋಡಿಸಿ. ಉಬ್ಬು ಗೆರೆ ಸಿಕ್ಕಿದರೆ ಕನಿಕರ ಬೇಡ, ಬುಡಸಮೇತ ಕಿತ್ತು ಸುಡಿ. ಸೌದೆಗೆ ಅಂತ ಮನೆ ಹಿಂದೆ ಒಟ್ಟಬೇಡಿ, ಒಟ್ಟಿದ ಕಟ್ಟಿಗೆಯಿಂದಲೂ ದುಂಬಿ ಹೊರಬರುತ್ತೆ. ಉಳಿದ ಗಿಡಗಳ ಕಾಂಡ ಮತ್ತು ದಪ್ಪ ಕೊಂಬೆಗಳ ಸಡಿಲ ಸಿಪ್ಪೆಯನ್ನು ತೆಂಗಿನ ನಾರಿನ ಕೈಗವಸಿನಿಂದ ಉಜ್ಜಿಸಿ, ಬಿರುಕು ಇಲ್ಲದಿದ್ದರೆ ಮೊಟ್ಟೆಗೆ ಜಾಗ ಇಲ್ಲ. ಕತ್ತಿಯಿಂದ ಕೆರೆಸಬೇಡಿ, ಹಸಿ ತೊಗಟೆಗೆ ಗಾಯ ಆಗುತ್ತೆ.

ನಾನು ಆ ಇಳಿಜಾರಿಗೆ 2013ರಲ್ಲಿ ಅತ್ತಿ, ಬಸರಿ, ನೇರಳೆ ಮತ್ತೆ ನೆಟ್ಟೆ, ಮಧ್ಯೆ ಹಾಲುವಾಣದ ಗೂಟ ಹಾಕಿದೆ. ಹಾಲುವಾಣ ಮೂರ್ನಾಲ್ಕು ವರ್ಷದಲ್ಲಿ ನೆರಳಿಗೆ ಬಂತು. ಬಸರಿ ಈಗಷ್ಟೇ ಹರಡಿಕೊಳ್ಳುತ್ತಿದೆ.

ನಿಮ್ಮ ಇಳಿಜಾರು ಯಾವ ದಿಕ್ಕಿಗಿದೆ, ಗಿಡ ಯಾವ ತಳಿ, ಎಷ್ಟು ವರ್ಷದ್ದು ಅಂತ ಬರೆಯಿರಿ. ಕಳೆದ ಸೆಪ್ಟೆಂಬರ್‌ನಲ್ಲಿ ಎಷ್ಟು ಗಿಡ ಕಿತ್ತಿರಿ ಅನ್ನುವುದನ್ನೂ ಹೇಳಿ.