ಬುಧವಾರದ ಆಟ, ಶುಕ್ರವಾರದ ಮೈದಾನ

ಓದುಗರ ಪತ್ರ: ಅಮೆರಿಕನ್ ಫುಟ್‌ಬಾಲ್ ಆಟಗಾರ ಬಬ್ಬಾ ಸ್ಮಿತ್ ಕುರಿತ ನಿಮ್ಮ ಟಿಪ್ಪಣಿಯಲ್ಲಿ, ಅವರ ತಂದೆ ವಿಲ್ಲಿ ರೇ ಸ್ಮಿತ್ ಹೈಸ್ಕೂಲ್ ಕೋಚ್ ಆಗಿ 235 ಪಂದ್ಯ ಗೆದ್ದರು ಎಂದಿದೆ. ಕಪ್ಪು ಜನರ ಶಾಲೆಗಳು ತಮ್ಮತಮ್ಮೊಳಗೇ ಆಡಿಕೊಂಡ ಲೀಗಿನ ಈ ಲೆಕ್ಕಕ್ಕೆ ಅಷ್ಟು ಬೆಲೆ ಯಾಕೆ? ಕಪ್ಪು, ಬಿಳಿಯರ ಶಾಲೆಗಳು ಒಂದಾದ ಮೇಲೆ ಇಂಥ ಕೋಚ್‌ಗಳಿಗೆ ಒಳ್ಳೆಯದೇ ಆಗಿರಬೇಕಲ್ಲವೇ? ಅವರ ಶಾಲೆ ಈಗಲೂ ಇದೆಯೇ?
— ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಮಾನ್ಯರೇ, ಮೊದಲ ಪ್ರಶ್ನೆ ನ್ಯಾಯವಾದದ್ದೇ. ಎದುರಾಳಿ ದುರ್ಬಲನಾಗಿದ್ದರೆ ಗೆಲುವಿನ ಲೆಕ್ಕ ಹಿಡಿದು ಏನು ಮಾಡುವುದು? ಆದರೆ ಇಲ್ಲಿ ಎದುರಾಳಿ ದುರ್ಬಲನಾಗಿರಲಿಲ್ಲ.

ತಂದೆ ಸ್ಮಿತ್ ಹೆಸರು ಮಾಡಿದ್ದು ಟೆಕ್ಸಸ್‌ನ ಬೋಮಾಂಟ್ ಎಂಬ ಎಣ್ಣೆ ಸಂಸ್ಕರಣೆಯ ಊರಿನ ಚಾರ್ಲ್‌ಟನ್-ಪೊಲಾರ್ಡ್ ಶಾಲೆಯಲ್ಲಿ. ಅದೇ ಊರಿನ ಇನ್ನೊಂದು ಕಪ್ಪು ಶಾಲೆ ಹೀಬರ್ಟ್. ಅಲ್ಲಿನ ಕೋಚ್ ಕ್ಲಿಫ್ಟನ್ ಓಝನ್. ಹೀಬರ್ಟ್‌ನ ಜೆರ್ರಿ ಲೆವಾಯಸ್ 1965ರಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯಕ್ಕೆ ಸಹಿ ಹಾಕಿ, ಆ ಭಾಗದ ಕಾಲೇಜುಗಳ ಲೀಗ್ ಆದ ಸೌತ್‌ವೆಸ್ಟ್ ಕಾನ್ಫರೆನ್ಸ್‌ನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಪಡೆದ ಮೊದಲ ಕಪ್ಪು ಆಟಗಾರರಾದರು. ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, 1967ರಲ್ಲಿ, ಬಬ್ಬಾ ಇಡೀ ದೇಶಕ್ಕೆ ಮೊದಲ ಆಯ್ಕೆ. ಅದೇ ಭಾಗದ ಬೇಟೌನ್‌ನ ಕಪ್ಪು ಶಾಲೆಯಿಂದ ಬಂದ ಜೀನ್ ವಾಷಿಂಗ್ಟನ್ ಅದೇ ವರ್ಷ ಎಂಟನೆಯ ಆಯ್ಕೆ. ಬೆರಳೆಣಿಕೆಯ ಶಾಲೆಗಳಿಂದ ಇಷ್ಟು ಮಂದಿ! ಹೂಸ್ಟನ್‌ನಲ್ಲಿ ಯೇಟ್ಸ್ ಮತ್ತು ವೀಟ್ಲಿ ಶಾಲೆಗಳು ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಎದುರಾದಾಗ 30,000ಕ್ಕೂ ಹೆಚ್ಚು ಜನ ಸೇರುತ್ತಿದ್ದರು. ಈ ಲೀಗನ್ನು ಅಂಚಿನ ಆಟ ಎಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ.

ಆ ಲೀಗಿನ ಹೆಸರು ಪ್ರೈರಿ ವ್ಯೂ ಇಂಟರ್‌ಸ್ಕೊಲಾಸ್ಟಿಕ್ ಲೀಗ್. 1920ರಲ್ಲಿ ಹುಟ್ಟಿದ ಇದನ್ನು ನಡೆಸುತ್ತಿದ್ದದ್ದು ಪ್ರೈರಿ ವ್ಯೂ ಕಾಲೇಜು. ಬಿಳಿಯರ ಲೀಗ್ ಬೇರೆ. ಮೈದಾನ ಮಾತ್ರ ಎಷ್ಟೋ ಊರಲ್ಲಿ ಒಂದೇ, ಶುಕ್ರವಾರ ರಾತ್ರಿ ಅದು ಬಿಳಿಯರ ಶಾಲೆಗೆ ಮೀಸಲು. ಕಪ್ಪು ಶಾಲೆಗಳಿಗೆ ಉಳಿದದ್ದು ಬುಧವಾರ, ಗುರುವಾರ. ಇದು ಬರೀ ಅವಮಾನದ ವಿಷಯವಲ್ಲ, ತರಬೇತಿಯ ಲೆಕ್ಕವನ್ನೇ ಕೆಡಿಸುತ್ತದೆ. ಗುರುವಾರ ಆಡಿ ಮುಂದಿನ ಬುಧವಾರ ಮತ್ತೆ ಇಳಿಯಬೇಕಾದರೆ ನಡುವೆ ಐದೇ ದಿನ, ಅದರಲ್ಲೂ ಶನಿವಾರ, ಭಾನುವಾರ ಶಾಲೆಗೆ ರಜೆ. ಮೈಗೆ ಮೈ ತಾಗಿಸುವ ಅಭ್ಯಾಸಕ್ಕೆ ಸೋಮವಾರವೊಂದೇ ಸಿಕ್ಕೀತು; ಮಂಗಳವಾರವೂ ಡಿಕ್ಕಿ ಹೊಡೆಸಿದರೆ ಬುಧವಾರ ಹುಡುಗರ ಕಾಲು ಏಳುವುದಿಲ್ಲ. ಆಟಗಾರರು ಕಡಿಮೆಯಿದ್ದ ಶಾಲೆಯಲ್ಲಂತೂ ದಾಳಿಗೂ ರಕ್ಷಣೆಗೂ ಅದೇ ಹುಡುಗರು. ಅಂಥಲ್ಲಿ ನಲವತ್ತು ತಂತ್ರ ಅರೆಬರೆ ಕಲಿಸುವುದಕ್ಕಿಂತ ಹತ್ತನ್ನು ಅರೆದು ಕುಡಿಸುವುದೇ ಜಾಣತನ.

ಇನ್ನು ಸಾಮಾನು. ಬಿಳಿಯರ ಶಾಲೆ ಬಳಸಿ ಬಿಟ್ಟ ಹೆಲ್ಮೆಟ್, ಶೋಲ್ಡರ್ ಪ್ಯಾಡ್‌ಗಳೇ ಹಲವೆಡೆ ಗತಿ. ಆ ಕಾಲದ ಪ್ಲಾಸ್ಟಿಕ್ ಹೆಲ್ಮೆಟ್ಟಿನೊಳಗೆ ಈಗಿನಂತೆ ಮೆತ್ತೆ ಇರಲಿಲ್ಲ. ಬಟ್ಟೆಯ ಪಟ್ಟಿಗಳ ಜಾಲವೊಂದು ತಲೆಯನ್ನು ಚಿಪ್ಪಿನಿಂದ ದೂರ ಹಿಡಿಯುತ್ತಿತ್ತು. ಬೆವರು ಕುಡಿದು ಪಟ್ಟಿ ಸಡಿಲವಾದರೆ ಆ ಅಂತರ ಹೋಗಿ ಚಿಪ್ಪೇ ನೆತ್ತಿಗೆ ಬಡಿಯುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗದು. ಹೆಲ್ಮೆಟ್ ಹಾಕಿಸಿ, ಅಂಗೈಯಿಂದ ಮೇಲಿನಿಂದ ಒತ್ತಬೇಕು. ಆಮೇಲೆ ಎಡಬಲ ತಿರುಗಿಸಬೇಕು. ಹಣೆಯ ಚರ್ಮವೂ ಜತೆಗೆ ಎಳೆದುಕೊಂಡು ಬಂದರೆ ಸರಿ. ಹೆಲ್ಮೆಟ್ ಮಾತ್ರ ಜಾರಿದರೆ ಪಟ್ಟಿಗಳನ್ನು ಕಟ್ಟಿದ ಲಾಡಿ ಬಿಚ್ಚಿ ಮತ್ತೆ ಬಿಗಿಯಬೇಕು. ಪ್ಯಾಡ್ ಚಿಕ್ಕದಾದರೆ ಭುಜದ ತುದಿ ಹೊರಗುಳಿದು ಕೊರಳೆಲುಬಿನ ಕೀಲಿಗೆ ಪೆಟ್ಟು. ದೊಡ್ಡದಾದರೆ ಕೈ ಎತ್ತಿದಾಗಲೆಲ್ಲ ಕುತ್ತಿಗೆಗೆ ಒತ್ತುತ್ತದೆ. ಸಹಾಯಕರು ಕಡಿಮೆಯಿದ್ದ ಕಡೆ ಇದೆಲ್ಲ ಕೋಚ್ ತಲೆಗೇ.

ಮೈದಾನದ ಹೊರಗಿನ ಕೆಲಸ ಇನ್ನೂ ದೊಡ್ಡದು. ಬಬ್ಬಾ ಶಾಲೆ ಮುಗಿಸುವ ಹೊತ್ತಿಗೆ ಟೆಕ್ಸಸ್ ವಿಶ್ವವಿದ್ಯಾಲಯದ ತಂಡಕ್ಕೆ ಕಪ್ಪು ಹುಡುಗರಿಗೆ ಪ್ರವೇಶವಿರಲಿಲ್ಲ. ತಂದೆ ಸ್ಮಿತ್ ಉತ್ತರದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಡಫಿ ಡಾಹರ್ಟಿ ಜತೆ ಸಂಪರ್ಕ ಬೆಳೆಸಿದ್ದರು. ಮಗನನ್ನು ಅಲ್ಲಿಗೆ ಕಳಿಸಿದ್ದಲ್ಲದೆ, ಎದುರಾಳಿ ಶಾಲೆಯವನಾದ ಜೀನ್ ವಾಷಿಂಗ್ಟನ್ ಹೆಸರನ್ನೂ ಸೂಚಿಸಿದರು. ನಮ್ಮ ದೃಷ್ಟಿಯಲ್ಲಿ 235ಕ್ಕಿಂತ ಇದೇ ತೂಕದ್ದು.

ಎರಡನೆಯ ಪ್ರಶ್ನೆಗೆ ಉತ್ತರ: ಇಲ್ಲ, ಬಹಳ ಮಂದಿಗೆ ಒಳ್ಳೆಯದಾಗಲಿಲ್ಲ. ಪ್ರತ್ಯೇಕ ಶಾಲೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ. ಟೆಕ್ಸಸ್‌ನ ಬಿಳಿಯರ ಲೀಗ್ ಕಪ್ಪು ಶಾಲೆಗಳನ್ನು ಸೇರಿಸಿಕೊಂಡದ್ದು 1967ರಲ್ಲಿ. 1970ಕ್ಕೆ ಪ್ರೈರಿ ವ್ಯೂ ಲೀಗ್ ಮುಚ್ಚಿತು. ವಿಲೀನವೆಂದರೆ ಸಾಮಾನ್ಯವಾಗಿ ಕಪ್ಪು ಶಾಲೆಗೆ ಬೀಗ, ಬಿಳಿಯರ ಶಾಲೆಯ ಕೋಚ್‌ಗೆ ಪಟ್ಟ. ಹೆಡ್ ಕೋಚ್ ಆಗಿದ್ದವರು ಅಸಿಸ್ಟೆಂಟ್ ಆದರು, ಇಲ್ಲವೇ ಕೆಳ ತರಗತಿಗಳಿಗೆ ವರ್ಗವಾದರು. ಆಟಗಾರರಿಗೆ ತೆರೆದ ಬಾಗಿಲು ಕೋಚ್‌ಗಳಿಗೆ ಮುಚ್ಚಿತು. ಟ್ರೋಫಿ, ಸ್ಕೋರ್ ಪುಸ್ತಕಗಳೂ ಎಷ್ಟೋ ಕಡೆ ಕಸದ ಪಾಲಾದವು.

ಶಾಲೆಯ ಬಗ್ಗೆ ಕೇಳಿದ್ದೀರಿ. ಚಾರ್ಲ್‌ಟನ್-ಪೊಲಾರ್ಡ್ 1975ರಲ್ಲಿ ಬೋಮಾಂಟ್ ಹೈಸ್ಕೂಲ್ ಜತೆ ವಿಲೀನವಾಯಿತು, 1986ರಲ್ಲಿ ಸೆಂಟ್ರಲ್ ಎಂಬ ಶಾಲೆಯೊಳಗೆ ಸೇರಿಹೋಯಿತು. ಓಝನ್ ಹೆಸರಿನಲ್ಲೂ ಮುಂದೆ ಒಂದು ಹೈಸ್ಕೂಲ್ ಬಂತು. 2018ರಲ್ಲಿ ಆ ಓಝನ್ ಶಾಲೆಯನ್ನೂ ಸೆಂಟ್ರಲನ್ನೂ ಕೂಡಿಸಿ ಬೋಮಾಂಟ್ ಯುನೈಟೆಡ್ ಮಾಡಿದ್ದಾರೆ. ಸ್ಮಿತ್ ಹೆಸರು ಉಳಿದಿರುವುದು ಆಗ್ನೇಯ ಟೆಕ್ಸಸ್‌ನ ಅತ್ಯುತ್ತಮ ಹೈಸ್ಕೂಲ್ ಆಟಗಾರರಿಗೆ, ದಾಳಿಗೊಂದು ರಕ್ಷಣೆಗೊಂದರಂತೆ, ಕೊಡುವ ಪ್ರಶಸ್ತಿಯಲ್ಲಿ.