ದಿಂಬಿನ ಕೆಳಗಿನ ಪುಸ್ತಕ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ನಿವೃತ್ತ ಶಿಕ್ಷಕಿ. ಈ ವರ್ಷ ಪ್ರಾರ್ಥನೆ, ಧ್ಯಾನ, ಅಧ್ಯಾತ್ಮದ ಪುಸ್ತಕ ಬಿಟ್ಟು ಬೇರೇನೂ ಓದಬಾರದು ಅಂತ ತೀರ್ಮಾನ ಮಾಡಿದ್ದೆ. ನಾಲ್ಕು ಮುಗಿಸಿದೆ. ಐದನೆಯದು ಎರಡು ತಿಂಗಳಿಂದ 40ನೇ ಪುಟದಲ್ಲೇ ನಿಂತಿದೆ. ಈ ನಡುವೆ ರಾತ್ರಿ ಹೊತ್ತು ಒಂದು ಪತ್ತೇದಾರಿ ಕಾದಂಬರಿ ಓದುತ್ತಿದ್ದೇನೆ. ಬೆಳಗ್ಗೆ ಎದ್ದು ಅದನ್ನು ದಿಂಬಿನ ಕೆಳಗೆ ಇಟ್ಟುಬಿಡುತ್ತೇನೆ. ನಮ್ಮ ಓದುಗರ ಬಳಗದ ಹಿರಿಯರೊಬ್ಬರು, ‘ಈ ವಯಸ್ಸಿನಲ್ಲಿ ಕೊಲೆ ಕತೆ ಓದಿದರೆ ಮನಸ್ಸು ಮೇಲೇಳುವುದು ಹೇಗೆ?’ ಅಂದರು. ನನಗೂ ಹೌದಲ್ಲ ಅನಿಸಿತು. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು, ಒಂದು ಪಟ್ಟಿ ಕೊಡಿ. ದಯವಿಟ್ಟು ನನ್ನ ಹೆಸರು ಹಾಕಬೇಡಿ.

– ನಿಮ್ಮ ಹಳೆಯ ಚಂದಾದಾರಳು

ಸಂಪಾದಕರ ಉತ್ತರ

ಪಟ್ಟಿ ಕೊಡುವುದಿಲ್ಲ ತಾಯೀ. ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ನಿರಾಳ. ಪಟ್ಟಿ ಕೇಳಿ ಬರುವ ಪತ್ರಗಳಿಗೆ ನಾನು ಎರಡು ಸಾಲು ಗೀಚಿ ಸುಮ್ಮನಾಗುವವನು. ನಿಮ್ಮ ಪತ್ರವನ್ನು ಹಾಗೆ ಬಿಡಲು ಆಗಲಿಲ್ಲ. ಕಾರಣ ಆ ದಿಂಬು. ಜೀವಮಾನವೆಲ್ಲ ಮಕ್ಕಳಿಗೆ ‘ಓದಿ, ಓದಿ’ ಅಂದ ಟೀಚರೊಬ್ಬರು ತಮ್ಮದೇ ಮನೆಯಲ್ಲಿ, ತಮ್ಮದೇ ದುಡ್ಡು ಕೊಟ್ಟು ತಂದ ಪುಸ್ತಕವನ್ನು ದಿಂಬಿನ ಕೆಳಗೆ ತಳ್ಳುತ್ತಾರೆ ಅಂದರೆ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಸಿಟ್ಟು ನಿಮ್ಮ ಮೇಲಲ್ಲ. ಸ್ವಲ್ಪ ನಿಮ್ಮ ಮೇಲೂ ಇದೆ.

ಮೊದಲು ನಿಮ್ಮ ಬಳಗದ ಹಿರಿಯರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಅವರ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ದಿನವೆಲ್ಲ ವಿಷ, ಚೂರಿ, ಮೋಸ ಅಂತ ಓದುತ್ತಾ ಕೂತರೆ ತಲೆ ಕೆಡುತ್ತದೆ, ಒಪ್ಪಿದೆ. ಅವರ ಪರವಾಗಿ ಒಬ್ಬ ಗಟ್ಟಿ ಸಾಕ್ಷಿಯನ್ನು ನಾನೇ ಕರೆಯುತ್ತೇನೆ. ಇಗ್ನೇಷಿಯಸ್ ಲೊಯೋಲ ಎಂಬ ಸೈನಿಕ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಾಗಿ ಅವನ ಕಾಲು ಮುರಿಯಿತು. ಹಾಸಿಗೆ ಹಿಡಿದವನು ಹೊತ್ತು ಹೋಗಲಿ ಅಂತ ಕುದುರೆ ಸವಾರರ ಸಾಹಸದ ಕತೆಗಳನ್ನು ಕೇಳಿದ. ಮನೆಯಲ್ಲಿ ಅದಿರಲಿಲ್ಲ. ಇದ್ದದ್ದು ಕ್ರಿಸ್ತನ ಜೀವನಚರಿತ್ರೆ ಮತ್ತು ಸಂತರ ಕತೆಗಳು. ವಿಧಿಯಿಲ್ಲದೆ ಅದನ್ನೇ ಓದಿದ. ಓದುತ್ತಾ ಒಂದು ವಿಷಯ ಗಮನಿಸಿದ. ರಾಜಸಭೆ, ಕತ್ತಿ, ಸುಂದರಿ ಅಂತ ಹಗಲುಗನಸು ಕಾಣುವಾಗ ಖುಷಿ ಆಗುತ್ತಿತ್ತು, ಆಮೇಲೆ ಮನಸ್ಸು ಒಣಗಿದ ಹಾಗಾಗುತ್ತಿತ್ತು. ಸಂತರ ಬಗ್ಗೆ ಯೋಚಿಸಿದಾಗ ಆಗಲೂ ಖುಷಿ, ಆಮೇಲೂ ಖುಷಿ. ಮುಂದೆ ಜೆಸ್ವಿತ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘವನ್ನು ಕಟ್ಟಿದ್ದು ಇದೇ ಮನುಷ್ಯ. ಹಿರಿಯರು ಇದನ್ನು ಕೇಳಿದರೆ ‘ನೋಡಿದಿರಾ!’ ಅನ್ನುತ್ತಾರೆ.

ನೋಡೋಣ. ಆತ ತೀರ್ಪು ಕೊಟ್ಟಿದ್ದು ರಟ್ಟಿನ ಮೇಲಿನ ಹೆಸರು ಓದಿ ಅಲ್ಲ. ಪುಸ್ತಕ ಮುಚ್ಚಿದ ಮೇಲೆ ಒಳಗೆ ಏನು ಉಳಿಯಿತು ಅಂತ ನೋಡಿ. ಅದೇ ಅಳತೆಯನ್ನು ನಿಮ್ಮ ಐದನೇ ಪುಸ್ತಕಕ್ಕೆ ಹಿಡಿಯಿರಿ. ಎರಡು ತಿಂಗಳಿಂದ 40ನೇ ಪುಟ! ಅದನ್ನು ಕೈಗೆತ್ತಿಕೊಂಡಾಗಲೆಲ್ಲ ನಿಮ್ಮ ಒಳಗೆ ಉಳಿಯುತ್ತಿರುವುದು ಭಕ್ತಿಯಲ್ಲ, ಬಾಕಿ ಉಳಿದ ಹೋಂವರ್ಕಿನ ಸಂಕಟ. ಒಣಗಿಸುವ ಪುಸ್ತಕಗಳು ಅಧ್ಯಾತ್ಮದ ಕಪಾಟಿನಲ್ಲೂ ಬೇಕಾದಷ್ಟಿವೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ 11 ರಾತ್ರಿ ನಾನು ಹೊರಗಿನ ಬೆಂಚಿನ ಮೇಲೆ ಕಳೆದೆ. ಬಂಧುಗಳೊಬ್ಬರು ಮನಶ್ಶಾಂತಿಯ ಬಗ್ಗೆ ಒಂದು ದಪ್ಪ ಪುಸ್ತಕ ತಂದುಕೊಟ್ಟಿದ್ದರು. ಒಂದೇ ಪುಟವನ್ನು ನಾಲ್ಕು ಸಲ ಓದಿದೆ. ಒಂದಕ್ಷರ ತಲೆಗಿಳಿಯಲಿಲ್ಲ. ಮೂರನೇ ರಾತ್ರಿ ಕಿಟಕಿಯ ಕಟ್ಟೆ ಮೇಲೆ ಯಾರೋ ಬಿಟ್ಟುಹೋದ ಒಂದು ತೆಳು ಪತ್ತೇದಾರಿ ಸಿಕ್ಕಿತು. ರಟ್ಟು ಹರಿದಿತ್ತು, ಹೆಸರು ಕೂಡ ಗೊತ್ತಾಗುತ್ತಿರಲಿಲ್ಲ. ಮೊದಲು ಓದಿದವರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು. 12ನೇ ಪುಟದಲ್ಲಿ ಮಾಲಿಯ ಹೆಸರಿನ ಪಕ್ಕ ಒಂದು ಪ್ರಶ್ನೆ ಗುರುತು. 30ರಲ್ಲಿ ಡಾಕ್ಟರ ಪಕ್ಕ ‘ಇವನೇ’. 50ರಲ್ಲಿ ‘ಇವನಲ್ಲ, ತಂಗಿ’. 70ರಲ್ಲಿ ಆ ತಂಗಿಯೇ ಕೊಲೆಯಾಗಿಬಿಟ್ಟಳು. ಅಲ್ಲಿ ಬರೀ ‘ಛೇ’ ಅಂತ ಇತ್ತು.

ರಾತ್ರಿ ಎರಡು ಗಂಟೆಗೆ ಆ ಬೆಂಚಿನ ಮೇಲೆ ಕೂತು ನಾನು ನಕ್ಕುಬಿಟ್ಟೆ. ಎದುರಿನ ನರ್ಸ್ ತಲೆಯೆತ್ತಿ ನೋಡಿದರು. ಗುರುತಿಲ್ಲದ ಯಾರೋ ಒಬ್ಬರು ಇದೇ ಬೆಂಚಿನ ಮೇಲೆ, ಇಂಥದೇ ರಾತ್ರಿಯಲ್ಲಿ ಕೂತು, ಇದೇ ತಂಗಿಯನ್ನು ಅನುಮಾನಿಸಿದ್ದರು. ಅದರ ನಂತರ ಸ್ವಲ್ಪ ನಿದ್ದೆಯೂ ಬಂತು. ಅಪ್ಪ ಮನೆಗೆ ಬಂದು ಒಂದು ವಾರವಾದ ಮೇಲೆ ಆ ದಪ್ಪ ಪುಸ್ತಕ ತೆಗೆದೆ. ಆಗ ಅದು ಚೆನ್ನಾಗಿಯೇ ಓದಿಸಿಕೊಂಡು ಹೋಯಿತು. ಪುಸ್ತಕ ಅದೇ, ನಾನು ಬೇರೆ.

ಇನ್ನು ನಿಮ್ಮ ಹಿರಿಯರ ಮುಖ್ಯ ಆರೋಪಕ್ಕೆ ಬರೋಣ. ದೇವರ ಧ್ಯಾನ ಒಂದು ಕಡೆ, ಕಳ್ಳರ ಪತ್ತೆ ಇನ್ನೊಂದು ಕಡೆ ಅಂತ ಅವರು ಗೋಡೆ ಕಟ್ಟುತ್ತಾರೆ. ಈ ಗೋಡೆ ಧರ್ಮಗ್ರಂಥಗಳಿಗೇ ಗೊತ್ತಿಲ್ಲ. ಕ್ಯಾಥೊಲಿಕ್ ಬೈಬಲಿನಲ್ಲಿ ದಾನಿಯೇಲನ ಗ್ರಂಥದ 14ನೇ ಅಧ್ಯಾಯ ತೆಗೆದು ನೋಡಿ. ಬಾಬಿಲೋನಿನಲ್ಲಿ ಬೇಲ್ ಎಂಬ ವಿಗ್ರಹ. ಅದರ ಮುಂದೆ ದಿನಾ ರಾಶಿ ಹಿಟ್ಟು, 40 ಕುರಿ, ದ್ರಾಕ್ಷಾರಸ ಇಡುತ್ತಿದ್ದರು. ಬೆಳಗ್ಗೆ ನೋಡಿದರೆ ಎಲ್ಲ ಖಾಲಿ. ದೇವರೇ ತಿನ್ನುತ್ತಾನೆ ಅಂತ ರಾಜ. ದಾನಿಯೇಲ ನಂಬಲಿಲ್ಲ. ಸರಿ, ಬಾಗಿಲು ಮುಚ್ಚಿ ಮುದ್ರೆ ಹಾಕಿ ನೋಡೋಣ ಅಂತ ತೀರ್ಮಾನವಾಯಿತು. ಪೂಜಾರಿಗಳು ಹೊರಗೆ ಹೋದ ಮೇಲೆ ದಾನಿಯೇಲ ಒಂದು ಕೆಲಸ ಮಾಡಿದ. ಆಳುಗಳಿಂದ ಬೂದಿ ತರಿಸಿ ರಾಜನ ಕಣ್ಣೆದುರಿಗೇ ನೆಲದ ತುಂಬ ಉದುರಿಸಿದ. ಬೆಳಗ್ಗೆ ಬಂದರು. ಮುದ್ರೆ ಒಡೆದಿಲ್ಲ. ಒಳಗೆ ಮೇಜು ಖಾಲಿ. ರಾಜ ಅಲ್ಲೇ ಬೇಲ್ ದೇವರನ್ನು ಕೊಂಡಾಡಲು ಶುರು ಮಾಡಿದ. ದಾನಿಯೇಲ ನಕ್ಕು ಅವನನ್ನು ಬಾಗಿಲಲ್ಲೇ ತಡೆದು, ನೆಲ ನೋಡಿ ಅಂದ. ಬೂದಿಯ ಮೇಲೆ ಗಂಡಸರು, ಹೆಂಗಸರು, ಮಕ್ಕಳ ಹೆಜ್ಜೆ ಗುರುತು! 70 ಪೂಜಾರಿಗಳು ಸಂಸಾರ ಸಮೇತ ಮೇಜಿನ ಕೆಳಗಿನ ಗುಟ್ಟಿನ ಬಾಗಿಲಿಂದ ಬಂದು ಊಟ ಮಾಡಿ ಹೋಗುತ್ತಿದ್ದರು.

ಇದು ಮುಚ್ಚಿದ ಕೋಣೆಯ ರಹಸ್ಯವಲ್ಲದೆ ಮತ್ತೇನು? ಎಡ್ಗರ್ ಆಲನ್ ಪೋ ಮೊದಲ ಪತ್ತೇದಾರಿ ಕತೆ ಬರೆದ ಅಂತ 1841ನೇ ಇಸವಿಯನ್ನು ತೋರಿಸುತ್ತಾರೆ. ಬೂದಿಯ ಕತೆಗೆ ಎರಡು ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು. ಇಂಗ್ಲಿಷ್ ಪತ್ತೇದಾರಿ ಲೇಖಕಿ ಡೊರೊತಿ ಸೇಯರ್ಸ್ 1928ರಲ್ಲಿ ಪತ್ತೇದಾರಿ ಕತೆಗಳ ಸಂಕಲನ ಮಾಡಿದಾಗ ಇದನ್ನೂ ಸೇರಿಸಿಕೊಂಡರು. ಆಕೆಯೂ ಎರಡೂ ದಡ ಬಲ್ಲವರೇ. ಮೊದಲು ಕೊಲೆಗಾರರನ್ನು ಹಿಡಿಸಿದರು, ಆಮೇಲೆ ಡಾಂಟೆಯ ಮಹಾಕಾವ್ಯವನ್ನು ಇಂಗ್ಲಿಷಿಗೆ ತಂದರು. 1957ರಲ್ಲಿ ತೀರಿಕೊಂಡಾಗ ಆ ಕಾವ್ಯದ ಸ್ವರ್ಗದ ಭಾಗದ ಅನುವಾದ ಇನ್ನೂ ಅರ್ಧದಲ್ಲಿತ್ತು.

ಪಾದ್ರಿಗಳ ಕತೆಯಂತೂ ಕೇಳಲೇಬೇಡಿ. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಇಡೀ ಬೈಬಲನ್ನು ಒಬ್ಬರೇ ಅನುವಾದ ಮಾಡಿದವರು. ಅದೇ ಮನುಷ್ಯ ಪತ್ತೇದಾರಿ ಕಾದಂಬರಿಗಳನ್ನೂ ಬರೆದರು. 1929ರಲ್ಲಿ ಪತ್ತೇದಾರಿ ಬರೆಯುವವರಿಗೆ ಹತ್ತು ಕಟ್ಟಳೆ ಹಾಕಿದರು. ಅದರಲ್ಲಿ ಒಂದು, ಕತೆಯಲ್ಲಿ ಗುಟ್ಟಿನ ದಾರಿ ಒಂದಕ್ಕಿಂತ ಹೆಚ್ಚು ಇರಬಾರದು. ದಾನಿಯೇಲ ಪಾಸು. ಇನ್ನೊಂದು, ದೈವಿಕ ಶಕ್ತಿಗಳು ನಡುವೆ ಬಂದು ಗಂಟು ಬಿಡಿಸಬಾರದು. ಬೆಳಗ್ಗೆ ಎದ್ದು ದೇವರನ್ನು ಪ್ರಾರ್ಥಿಸುವ ಮನುಷ್ಯ ಸಂಜೆ ‘ನೀನು ಈ ಕತೆಯೊಳಗೆ ಕಾಲಿಡಬೇಡ’ ಅಂತ ದೇವರಿಗೇ ಹೇಳಿದ ಹಾಗಾಯಿತು, ಅಲ್ವಾ? ಇದಕ್ಕಿಂತ ಆರೋಗ್ಯದ ಭಕ್ತಿ ನನಗೆ ಕಂಡಿಲ್ಲ.

ಇಂಗ್ಲಿಷ್ ಲೇಖಕ ಚೆಸ್ಟರ್ಟನ್ ಸೃಷ್ಟಿಸಿದ ಪತ್ತೇದಾರ ಪಾದ್ರಿ ಫಾದರ್ ಬ್ರೌನ್ ನಿಮಗೆ ಗೊತ್ತಿರಬಹುದು. 1910ರಲ್ಲಿ ಬಂದ ಮೊದಲ ಕತೆಯಲ್ಲೇ ಆ ಗಿಡ್ಡ ಪಾದ್ರಿ, ಪಾದ್ರಿಯ ವೇಷ ಹಾಕಿದ ದೊಡ್ಡ ಕಳ್ಳನನ್ನು ಹಿಡಿಯುತ್ತಾನೆ. ಹೇಗೆ? ಕಳ್ಳ ಮಾತಿನ ಭರದಲ್ಲಿ ವಿವೇಕವನ್ನು, ತರ್ಕವನ್ನು ಹೀಗಳೆದ. ನಿಜವಾದ ಪಾದ್ರಿ ಹಾಗೆ ಮಾತಾಡುವುದಿಲ್ಲ ಅಂತ ಬ್ರೌನ್‌ಗೆ ಗೊತ್ತು. ಇಷ್ಟೆಲ್ಲ ಕೇಡು ನಿನಗೆ ಹೇಗೆ ತಿಳಿಯಿತು ಎಂಬುದಕ್ಕೆ ಅವನ ಉತ್ತರವೂ ಸರಳ. ದಿನಾ ಕೂತು ಜನರ ಪಾಪ ಕೇಳಿಸಿಕೊಳ್ಳುವವನಿಗೆ ಕೇಡು ಗೊತ್ತಿರದೆ ಇರುತ್ತದೆಯೇ! (ಕೊನೆ ಹೇಳಿಬಿಟ್ಟೆ, ಕ್ಷಮಿಸಿ. ಆ ಕತೆಯನ್ನು ಕೊನೆ ಗೊತ್ತಿದ್ದೂ ಓದಬಹುದು.) ಮನುಷ್ಯ ಯಾಕೆ ಸುಳ್ಳು ಹೇಳುತ್ತಾನೆ, ಹೊಟ್ಟೆಕಿಚ್ಚು ಒಬ್ಬನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ, ತಪ್ಪು ಮಾಡಿದವನ ಕೈ ಹೇಗೆ ನಡುಗುತ್ತದೆ. ಒಳ್ಳೆಯ ಪತ್ತೇದಾರಿ ಇದನ್ನು ತೋರಿಸುತ್ತದೆ. ಎಷ್ಟೋ ಪ್ರವಚನಗಳು ಬರೀ ಹೇಳುತ್ತವೆ.

ಬಚ್ಚಿಟ್ಟು ಓದಿದವರಲ್ಲಿ ನೀವು ಮೊದಲಿನವರೂ ಅಲ್ಲ. ಸ್ಪೇನಿನ ಅವಿಲಾ ಊರಿನ ಸಂತ ತೆರೇಸಾ ಚಿಕ್ಕವಳಿದ್ದಾಗ ಅಮ್ಮನ ಹಾಗೆಯೇ ಸಾಹಸ ಕತೆಗಳ ಹುಚ್ಚು ಹತ್ತಿಸಿಕೊಂಡು, ಅಪ್ಪನ ಕಣ್ಣು ತಪ್ಪಿಸಿ ಹಗಲು ರಾತ್ರಿ ಓದಿದವಳು. ದೊಡ್ಡವಳಾದ ಮೇಲೆ ಅದು ತಪ್ಪು ಅಂತ ಅವಳೇ ಬರೆದಿದ್ದಾಳೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ತೆರೇಸಾ 1577ರಲ್ಲಿ ಆತ್ಮವನ್ನು ವರ್ಣಿಸಲು ಕೂತಾಗ ಅವಳ ಕಣ್ಣಿಗೆ ಬಂದದ್ದು ಏನು? ಒಂದು ಕೋಟೆ. ಒಳಗೆ ಏಳು ನೆಲೆಗಳು, ನಡುವೆ ರಾಜ. ಆ ಕೋಟೆ ಎಲ್ಲಿಂದ ಬಂತು ಅಂತ ನನಗೆ ಒಂದು ಅನುಮಾನ ಇದೆ. ಪುರಾವೆ ಇಲ್ಲ, ಬರೀ ಅನುಮಾನ. ಪತ್ತೇದಾರಿ ಓದಿದ ಚಟ.

ಚಟ ಅಂದೆ. ಕವಿ ಆಡೆನ್ 1948ರ ಒಂದು ಲೇಖನದಲ್ಲಿ ಇದೇ ಮಾತು ಬರೆದ. ಪತ್ತೇದಾರಿ ತನಗೆ ತಂಬಾಕು, ಹೆಂಡದ ಹಾಗೆ, ಹಿಡಿದರೆ ಮುಗಿಸುವವರೆಗೆ ಕೆಲಸವೂ ಇಲ್ಲ ನಿದ್ದೆಯೂ ಇಲ್ಲ ಅಂತ. ಆತ ದೈವಭಕ್ತ. ದಿಂಬಿನ ಕೆಳಗೆ ಇಡಲಿಲ್ಲ, ಪತ್ರಿಕೆಯಲ್ಲೇ ಅಚ್ಚು ಹಾಕಿಸಿದ.

ಈಗ ನನ್ನ ಸಿಟ್ಟು ಯಾರ ಮೇಲೆ ಅಂತ ಹೇಳುತ್ತೇನೆ. ಓದನ್ನು ಏಣಿ ಮಾಡಿದವರ ಮೇಲೆ. ಕೆಳಗಿನ ಮೆಟ್ಟಿಲಲ್ಲಿ ಪತ್ತೇದಾರಿ, ಅದರ ಮೇಲೆ ಸಾಮಾಜಿಕ ಕಾದಂಬರಿ, ತುದಿಯಲ್ಲಿ ಅಧ್ಯಾತ್ಮ. ನಮ್ಮ ಕಚೇರಿಗೆ ವಿಮರ್ಶೆಗೆ ಅಂತ ಪತ್ತೇದಾರಿ ಬಂದರೆ ಅದನ್ನು ಯಾರಿಗೆ ಕಳಿಸುವುದು ಎನ್ನುವುದೇ ತಲೆನೋವು. ಕಳಿಸಿದರೆ ಎರಡು ತಿಂಗಳ ಮೇಲೆ ‘ಸಮಯವಾಗಲಿಲ್ಲ’ ಅಂತ ಚೀಟಿ ಬರುತ್ತದೆ. ಪುಸ್ತಕ ಮಾತ್ರ ವಾಪಸ್ ಬರುವುದಿಲ್ಲ! ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಕತಾನಾಯಕ ಪತ್ತೇದಾರ ಪುರುಷೋತ್ತಮನನ್ನು ಹಿಡಿದುಕೊಂಡೇ ಕನ್ನಡ ಓದಿನ ರುಚಿ ಹತ್ತಿಸಿಕೊಂಡವರು ಎಷ್ಟು ಜನ! ಅವರಲ್ಲಿ ಕೆಲವರು ಈಗ ಕಪಾಟಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಪುರುಷೋತ್ತಮ ಎಲ್ಲೂ ಕಾಣುವುದಿಲ್ಲ.

ಅಧ್ಯಾತ್ಮದ ಪುಸ್ತಕ ಮಾಡುವವರೂ ಕಡಿಮೆಯಿಲ್ಲ. 21 ದಿನದಲ್ಲಿ ಶಾಂತಿ, ಏಳು ಸೂತ್ರದಲ್ಲಿ ಮುಕ್ತಿ. ಹಿಂದಿನ ರಟ್ಟಿನ ಮೇಲೆ ಲೇಖಕರ ನಗುಮುಖ. ಇಂಥ ಪುಸ್ತಕಕ್ಕಿಂತ ಒಬ್ಬ ಪ್ರಾಮಾಣಿಕ ಕೊಲೆಗಾರ ವಾಸಿ. ಅವನು ಕೊನೇ ಪುಟದಲ್ಲಾದರೂ ನಿಜ ಹೇಳುತ್ತಾನೆ.

ನಿಮ್ಮನ್ನು ಗದರುವುದು ಒಂದು ಬಾಕಿ ಇದೆ. ‘ನಾಲ್ಕು ಮುಗಿಸಿದೆ’ ಅಂದಿರಲ್ಲ, ಅಲ್ಲಿ. ಪ್ರಾರ್ಥನೆಯ ಪುಸ್ತಕವನ್ನು ಮುಗಿಸುವುದು ಅಂದರೇನು ತಾಯೀ? ಅದೇನು ಸಿಲಬಸ್ಸೇ? ಅದನ್ನು ಒಂದು ಪುಟ ಓದಿ ಮುಚ್ಚಬೇಕು. ನಾಳೆ ಬೇಕಾದರೆ ಅದೇ ಪುಟವನ್ನು ಮತ್ತೆ ಓದಬೇಕು. ಕೊನೆಗೆ ಏನಾಗುತ್ತದೆ ಅಂತ ಓಡಬೇಕಾದ್ದು ಪತ್ತೇದಾರಿಯಲ್ಲಿ. ನೀವು ಪ್ರಾರ್ಥನೆಯ ಪುಸ್ತಕವನ್ನು ಪತ್ತೇದಾರಿಯ ಹಾಗೆ ಓಡಿಸಿದ್ದೀರಿ, ಪತ್ತೇದಾರಿಯನ್ನು ಪಾಪದ ಹಾಗೆ ಓದಿದ್ದೀರಿ. 40ನೇ ಪುಟದಲ್ಲಿ ನಿಂತದ್ದು ಪುಸ್ತಕದ ತಪ್ಪೂ ಅಲ್ಲ, ನಿಮ್ಮ ಮನಸ್ಸಿನ ತಪ್ಪೂ ಅಲ್ಲ. ಅದನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ, ದಿನಕ್ಕೆ ಅರ್ಧ ಪುಟ ಸಾಕು. ಆಗಲೂ ಹಿಡಿಸದಿದ್ದರೆ ಯಾರಿಗಾದರೂ ಕೊಟ್ಟುಬಿಡಿ. ರಾತ್ರಿಗೆ ರಕ್ತ ಜಾಸ್ತಿ ಚೆಲ್ಲದ, ಸುಳಿವು ಹುಡುಕುವ ಥರದ ಕತೆ ಇರಲಿ. ಚಿತ್ರಹಿಂಸೆಯನ್ನು ಪುಟಗಟ್ಟಲೆ ಬರೆಯುವವರನ್ನು ನಾನೂ ಓದುವುದಿಲ್ಲ. ಅಷ್ಟರ ಮಟ್ಟಿಗೆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ.

ಮತ್ತೊಂದು ವಿಷಯ. ಮುಗಿಸಿದ ನಾಲ್ಕು ಪುಸ್ತಕಗಳ ಹೆಸರು, ಲೇಖಕರು, ಪ್ರಕಾಶಕರು, ಎಲ್ಲವನ್ನೂ ದುಂಡಗೆ ಬರೆದಿದ್ದೀರಿ (ಜಾಗ ಸಾಲದೆ ನಾವು ಕತ್ತರಿಸಿದ್ದೇವೆ). ಆ ಐದು ಪುಟದ ಪತ್ರದಲ್ಲಿ ಹೆಸರಿಲ್ಲದ ಪುಸ್ತಕ ಒಂದೇ, ದಿಂಬಿನ ಕೆಳಗಿನದು. ಅದರ ಹೆಸರನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಕೊಲೆಗಾರ ಯಾರು ಅಂತ ಮಾತ್ರ ಬರೆಯಬೇಡಿ. ಹಿಂದೆ ಒಬ್ಬ ಓದುಗರು ಹಾಗೆ ಬರೆದುಬಿಟ್ಟಿದ್ದರು. ನಮ್ಮ ಪೋಸ್ಟ್‌ಮನ್ ಅದೇ ಪುಸ್ತಕವನ್ನು ಅರ್ಧ ಓದಿದ್ದರಂತೆ. ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.